ಸಣ್ಣ ಪಿಕಪ್ಪಿಗೆ ಕಂಪೆನಿಯ ಟೋಯಿಂಗ್ ಪ್ಯಾಕೇಜ್ ಬೇಕೋ ಬೇಡವೋ: ಅಳಿಯನಿಗೆ ಹೇಳಿದ ಲೆಕ್ಕ

ಕಳೆದ ಆಟಿ ತಿಂಗಳಲ್ಲಿ ಒಂದು ರಾತ್ರಿ, ಬಿಡದೆ ಮಳೆ ಹೊಯ್ಯುತ್ತಿದ್ದಾಗ, ಅಮೆರಿಕದಿಂದ ತಂಗಿಯ ಮಗ ಫೋನ್ ಮಾಡಿದ. ಅವನಿರುವುದು ನಾರ್ತ್ ಕ್ಯಾರೊಲಿನಾದ ರಾಲಿ ಊರಿನಲ್ಲಿ. ನಾನಿರುವುದು ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿಯಲ್ಲಿ, ಪೆರ್ಲದ ಹತ್ತಿರ. ಮನೆಯ ಪಕ್ಕದಲ್ಲೇ ನನ್ನ ವರ್ಕ್‌ಶಾಪ್. ಅದಕ್ಕೆ ಮೊದಲು 19 ವರ್ಷ ಒಮಾನಿನ ನಿಜ್ವಾದಲ್ಲಿ ಒಂದು ಗ್ಯಾರೇಜಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸ ಮಾಡಿದವ. ಹಾಗಾಗಿ ಗಾಡಿಯ ವಿಷಯ ಬಂದರೆ ಮನೆಯ ಮಕ್ಕಳೆಲ್ಲ ನನಗೇ ಫೋನ್ ಮಾಡುತ್ತಾರೆ.

"ಮಾವ, ಒಂದು ಸಣ್ಣ ಪಿಕಪ್ ತೆಗೆದುಕೊಳ್ಳುವ ಅಂತ ಉಂಟು. ಫೋರ್ಡ್ ಮಾವೆರಿಕ್. ಅದಕ್ಕೆ ಕಂಪೆನಿಯಿಂದಲೇ ಟೋಯಿಂಗ್ ಪ್ಯಾಕೇಜ್ ಅಂತ, ಹಿಂದೆ ಟ್ರೇಲರ್ ಎಳೆಯಲಿಕ್ಕೆ ಬೇಕಾದ ಸಾಮಾನು, ಒಂದು ಬರ್ತದೆ. ಹಾಕಿಸಿಕೊಳ್ಳಬೇಕಾ?"

"ಎಳೆಯುವುದು ಎಂತದನ್ನು?"

"ಈಗ ಎಂತದೂ ಇಲ್ಲ. ಮುಂದಿನ ವರ್ಷ ಒಂದು ಸಣ್ಣ ಕ್ಯಾಂಪರ್, ಒಳಗೆ ಮಲಗಬಹುದಾದ ಟ್ರೇಲರ್, ಕೊಂಡು ಮಕ್ಕಳನ್ನು ಕರೆದುಕೊಂಡು ಗುಡ್ಡೆ ಕಡೆ ಹೋಗಬೇಕು ಅಂತ ಆಸೆ. ಗೆಳೆಯ ಹೇಳ್ತಾನೆ, ಕೊಕ್ಕೆ ಹೊರಗೆ ಅಗ್ಗಕ್ಕೆ ಸಿಗ್ತದೆ, ಆಮೇಲೆ ಹಾಕಿಸಿದರೆ ಸಾಕು ಅಂತ."

ಆ ಗೆಳೆಯ ಹೇಳಿದ ಮಾತಿನಲ್ಲೇ ದೊಡ್ಡ ತಪ್ಪು ಕೂತಿದೆ. ನಮ್ಮ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಮಕ್ಕಳು ಹೊರದೇಶದಲ್ಲಿ ಇಂಥ ಗಾಡಿ ಕೊಳ್ಳುತ್ತಿದ್ದಾರೆ. ಅವರಿಗೂ ಉಪಯೋಗಕ್ಕೆ ಬೀಳಲಿ ಎಂದು ಅವನಿಗೆ ಹೇಳಿದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಆ ಪ್ಯಾಕೇಜಿನ ಒಳಗೆ ಏನಿದೆ ನೋಡಿ. ಮಾವೆರಿಕ್ 2022ರ ಮಾದರಿಯಾಗಿ ಬಂದದ್ದು. ಮಾಮೂಲಿ ಗಾಡಿ ಎಳೆಯಬಹುದಾದದ್ದು 2,000 ಪೌಂಡ್, ಅಂದರೆ ಸುಮಾರು 907 ಕೆಜಿ. 2 ಲೀಟರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವ್, ಅದರ ಮೇಲೆ ಕಂಪೆನಿ '4ಕೆ' ಎಂದು ಕರೆಯುವ ಟೋಯಿಂಗ್ ಪ್ಯಾಕೇಜ್ ಇದ್ದರೆ 4,000 ಪೌಂಡ್, ಅಂದರೆ 1,814 ಕೆಜಿ. ಎಂಜಿನ್ ಅದೇ, ಚೇಸಿಸ್ ಅದೇ. ಎಳೆಯುವ ತೂಕ ಮಾತ್ರ ಎರಡು ಪಟ್ಟು. ಬರೀ ಒಂದು ಕೊಕ್ಕೆಯಿಂದ ಅದು ಆಗುವುದಿಲ್ಲ. ಹಿಂದೆ ಕಾಣುವ 2 ಇಂಚಿನ ಹಿಚ್, ಅಂದರೆ ಗೆಳೆಯ ಹೇಳಿದ ಆ ಕೊಕ್ಕೆ, ಆ ಪ್ಯಾಕೇಜಿನ ಅತಿ ಅಗ್ಗದ ತುಂಡು. ಬೆಲೆ ಬಾಳುವುದೆಲ್ಲ ಬಾನೆಟ್ಟಿನ ಅಡಿಯಲ್ಲಿದೆ: ದೊಡ್ಡ ರೇಡಿಯೇಟರ್, ಹೆಚ್ಚು ಗಾಳಿ ಎಳೆಯುವ ಫ್ಯಾನ್, ಗೇರ್‌ಬಾಕ್ಸ್ ಆಯಿಲಿಗೇ ಬೇರೆ ಕೂಲರ್. ಜೊತೆಗೆ ಟ್ರೇಲರಿಗೆ 7 ಪಿನ್ನಿನ ವಯರಿಂಗ್.

ಹಿಚ್ಚನ್ನು ನಾಳೆ ಬೇಕಾದರೂ ನಾಲ್ಕು ಬೋಲ್ಟ್ ಹಾಕಿ ಕೂರಿಸಬಹುದು. ರೇಡಿಯೇಟರ್, ಫ್ಯಾನ್, ಕೂಲರ್ ಮೂರನ್ನೂ ಆಮೇಲೆ ಹಾಕಿಸಲು ಹೊರಟರೆ ಬಂಪರ್ ಬಿಚ್ಚಬೇಕು, ಪೈಪು ಎಳೆಯಬೇಕು. ಅಷ್ಟೆಲ್ಲ ಮಾಡಿದರೂ ಗಾಡಿಯ ಪುಸ್ತಕದಲ್ಲಿ ಬರೆದ 2,000 ಪೌಂಡ್ ಹಾಗೆಯೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಹಿಚ್ಚಿನ ಮೇಲೆ 3,500 ಎಂದೋ 5,000 ಎಂದೋ ಕೊರೆದಿರುತ್ತದೆ. ಅದು ಆ ಕಬ್ಬಿಣ ತಾಳುವ ಭಾರ, ನಿಮ್ಮ ಗೇರ್‌ಬಾಕ್ಸ್ ತಾಳುವುದಲ್ಲ. ಗಾಡಿ, ಹಿಚ್, ಟ್ರೇಲರಿನ ಮೂತಿ ಕೂರುವ ಕಬ್ಬಿಣದ ಚೆಂಡು, ಟ್ರೇಲರ್ ಈ ನಾಲ್ಕರಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ.

ಬಿಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮೂರಿನವರಿಗೆ ಇದು ಬೇಗ ಹೊಳೆಯುವುದಿಲ್ಲ. ಇಲ್ಲಿ ಮನೆಗೆ ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಮಿಕ್ಸರನ್ನು ಪಿಕಪ್ಪಿನ ಹಿಂದೆ ಕಟ್ಟಿ ಎಳೆದು ತರುತ್ತಾರೆ. ಗಾಡಿಗೆ ಕೈಗೇರು. ಚಡವಿನಲ್ಲಿ ಭಾರ ಜಾಸ್ತಿಯಾದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ, ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಗಾಡಿ ತಾನೇ ಬಾಯಿ ಬಿಟ್ಟು ಹೇಳಿದ ಹಾಗೆ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಬಲ ಗೇರಿಗೆ ಹೋಗುವುದು ಟಾರ್ಕ್ ಕನ್ವರ್ಟರಿನ ಮೂಲಕ, ಎಣ್ಣೆಯನ್ನು ದಾಟಿ. ಭಾರ ಹೆಚ್ಚಾಗಿ, ವೇಗ ಕಡಿಮೆಯಾಗಿ, ಏರು ಹತ್ತುವಾಗ ಆ ಎಣ್ಣೆ ಒಳಗೊಳಗೇ ಕಲಕಿ ಕಲಕಿ ಕಾಯುತ್ತದೆ. ಒಳಗೆ ಕೂತವನಿಗೆ ಏಸಿ ತಣ್ಣಗಿರುತ್ತದೆ, ಹಾಡು ಕೇಳುತ್ತಿರುತ್ತದೆ. ಎಣ್ಣೆ ಸುಡುವುದು ಅವನಿಗೆ ಗೊತ್ತೇ ಆಗುವುದಿಲ್ಲ.

ನಿಜ್ವಾದಲ್ಲಿ ಒಂದು ದಿನ ಒಂದು ಪಿಕಪ್ಪನ್ನು ಹಗ್ಗ ಕಟ್ಟಿ ನಮ್ಮ ಗ್ಯಾರೇಜಿಗೆ ಎಳೆದು ತಂದರು. ಗುಡ್ಡದ ಮೇಲಿನ ತೋಟಕ್ಕೆ ಟ್ರೇಲರಿನಲ್ಲಿ 1,000 ಲೀಟರಿನ ನೀರಿನ ಟ್ಯಾಂಕ್ ಎಳೆಯುತ್ತಿದ್ದ ಗಾಡಿ. ಹಿಚ್ಚನ್ನು ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿಮುಟ್ಟಾಗಿ ಮಾಡಿಸಿದ್ದರು, ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಾನು ಅಡಿಗೆ ಮಲಗಿ ಗೇರ್‌ಬಾಕ್ಸಿನ ಪ್ಯಾನ್ ಬಿಚ್ಚಿದೆ. ಒಳ್ಳೆಯ ಆಯಿಲ್ ದಾಸವಾಳದ ಶರಬತ್ತಿನ ಹಾಗೆ ಕೆಂಪಗೆ, ಬೆಳಕು ದಾಟುವ ಹಾಗೆ ಇರುತ್ತದೆ. ಆ ದಿನ ಬೋಗುಣಿಗೆ ಬಿದ್ದದ್ದು ಹಳೆ ಬೆಲ್ಲ ಕುದಿಸಿದ ಬಣ್ಣ. ಹಂಚಿನ ಮೇಲೆ ಸೀದ ದೋಸೆಯ ವಾಸನೆ. ಪ್ಯಾನಿನ ತಳದಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ, ಸವೆದ ಕಬ್ಬಿಣದ ಪುಡಿ ಹಿಡಿಯಲಿಕ್ಕೆ. ಅದರ ಮೇಲೆ ಕಾಡಿಗೆಯಂಥ ಕರಿ ಹಿಟ್ಟು ಬೆರಳಿನಷ್ಟು ದಪ್ಪಕ್ಕೆ ಕೂತಿತ್ತು. ಕ್ಲಚ್ ಪ್ಲೇಟುಗಳನ್ನು ಹೊರಗೆ ತೆಗೆದಾಗ ಮೇಲಿನ ಪದರ ಉಗುರು ತಾಗಿದರೆ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಗಾಡಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅದೇ ಮಾದರಿಗೆ ಕಂಪೆನಿ ಗೇರ್‌ಬಾಕ್ಸ್ ಕೂಲರ್ ಹಾಕಿ ಕೊಡುತ್ತಿತ್ತು, ಇವರು ಅದು ಬೇಡ ಎಂದು ಕೊಂಡವರು. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಆ ಗೇರ್‌ಬಾಕ್ಸಿಗೆ ಹೋಯಿತು. ಮಾಲೀಕ ಬಿಲ್ ನೋಡುತ್ತಾ ನಿಂತ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅಳಿಯನ ಫೋನ್ ಬಂದಾಗ ನನ್ನ ಕಣ್ಣಿಗೆ ಕಟ್ಟಿದ್ದೂ ಆ ಬೋಗುಣಿಯೇ.

ಈಗ ಲೆಕ್ಕಕ್ಕೆ ಬರೋಣ. ಅಳಿಯನಿಗೆ ಹೇಳಿದೆ: "ಕೊಳ್ಳಬೇಕು ಎಂದಿರುವ ಕ್ಯಾಂಪರಿನ ಕಾಗದ ನೋಡಿ ತೂಕ ಓದು." ಅವನು ಓದಿದ್ದು 1,480 ಪೌಂಡ್. 2.2ರಿಂದ ಭಾಗಿಸಿದರೆ 670 ಕೆಜಿ ಚಿಲ್ಲರೆ. "907ಕ್ಕೆ ಇನ್ನೂ 236 ಕೆಜಿ ಜಾಗ ಉಂಟಲ್ಲ ಮಾವ" ಎಂದ. ಅಲ್ಲೇ ಎಲ್ಲರೂ ಜಾರುವುದು. ಕಂಪೆನಿಯವರು ಅಚ್ಚು ಹಾಕುವುದು ಒಣ ತೂಕ: ನೀರಿಲ್ಲ, ಗ್ಯಾಸಿಲ್ಲ, ಒಂದು ಚಮಚವೂ ಇಲ್ಲ. ಸಿಪ್ಪೆ ಸುಲಿದ ಅಡಿಕೆ ತೂಗಿ ಹಸಿ ಗೊನೆಗೆ ಲೆಕ್ಕ ಹಾಕಿದ ಹಾಗೆ.

ಇಬ್ಬರೂ ಕೂತು ಒಂದೊಂದಾಗಿ ಬರೆದೆವು. ನೀರಿನ ಟ್ಯಾಂಕ್ 20 ಗ್ಯಾಲನ್, ಅಂದರೆ 76 ಲೀಟರ್, ಅಷ್ಟೇ ಕೆಜಿ. ತುಂಬಿದ ಗ್ಯಾಸ್ ಸಿಲಿಂಡರ್ 17. ಬ್ಯಾಟರಿ 25. ಮಾರುವವನು ಮೇಲೆ ಕೂರಿಸಿ ಕೊಡುವ ಏಸಿ ಮತ್ತು ಬಿಸಿಲಿನ ಚಪ್ಪರ ಸೇರಿ 55. ಹಾಸಿಗೆ, ಕುರ್ಚಿ, ಒಲೆ, ಪಾತ್ರೆ, ಅಕ್ಕಿ, ಐಸ್ ಪೆಟ್ಟಿಗೆ, ಮಕ್ಕಳ ಸಾಮಾನು 90. ಒಣ ತೂಕಕ್ಕೆ ಇವನ್ನೆಲ್ಲ ಕೂಡಿಸಿದರೆ 934 ಕೆಜಿ. ಮಿತಿ ದಾಟಿಯೇ ಹೋಯಿತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಷ್ಟು ಬರೆಯಲು ಪುರುಸೊತ್ತಿಲ್ಲದವರಿಗೆ ಒಂದು ಒಳದಾರಿ ಉಂಟು. ಟ್ರೇಲರಿನ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಅದು ಸಾಮಾನು ಸಹಿತ ಗರಿಷ್ಠ ಎಷ್ಟು ತೂಗಬಹುದು ಎಂದು ಇರುತ್ತದೆ. ಒಣ ತೂಕ ಮರೆತುಬಿಡಿ, ಆ ಗರಿಷ್ಠ ಸಂಖ್ಯೆಯನ್ನೇ ಹಿಡಿಯಿರಿ. ಅದು ನಿಮ್ಮ ಗಾಡಿಯ ಮಿತಿಯ 80 ಶೇಕಡಾ ಒಳಗಿದ್ದರೆ ನಾನು ನಿಶ್ಚಿಂತೆಯಿಂದ ಹೋಗು ಎನ್ನುತ್ತೇನೆ. ಪ್ಯಾಕೇಜ್ ಇಲ್ಲದ ಮಾವೆರಿಕ್‌ಗೆ ಅದು ಸುಮಾರು 725 ಕೆಜಿ. ಪ್ಯಾಕೇಜ್ ಇದ್ದರೆ 1,450 ಕೆಜಿ.

ತೂಕದ ಜೊತೆ ಆಕಾರವನ್ನೂ ನೋಡಬೇಕು. 900 ಕೆಜಿ ಮುರಕಲ್ಲು ಹೇರಿದ ತಗ್ಗು ಟ್ರೇಲರ್ ಬೇರೆ, 900 ಕೆಜಿಯ ಕ್ಯಾಂಪರ್ ಬೇರೆ. ಕ್ಯಾಂಪರ್ ಎಂದರೆ ಗಾಳಿಗೆ ಎದೆ ಕೊಟ್ಟು ನಿಂತ ಗೋಡೆ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅಲ್ಲಿಯ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿಗಿಂತ ಮೇಲೆ ಓಡಿಸುವಾಗ ಸಪಾಟು ರಸ್ತೆಯಲ್ಲೂ ಎಂಜಿನ್ ಏರು ಹತ್ತಿದ ಹಾಗೆಯೇ ದುಡಿಯುತ್ತದೆ. ಆದ್ದರಿಂದ ಟ್ರೇಲರಿನ ಮುಖ ಎಷ್ಟು ಅಗಲ, ಎಷ್ಟು ಎತ್ತರ ಇರಬಹುದು ಎಂಬುದನ್ನೂ ಕಂಪೆನಿಯ ಟೋಯಿಂಗ್ ಪುಸ್ತಕದಲ್ಲಿ ಹುಡುಕಿ ಓದಿ.

ಆಮೇಲೆ ದಾರಿ. ಅವನು ಹೋಗಬೇಕಾದದ್ದು ರಾಲಿಯಿಂದ ಆಶ್‌ವಿಲ್ ಕಡೆಗೆ, ಸುಮಾರು 400 ಕಿಲೋಮೀಟರ್, ಐ-40 ಹೆದ್ದಾರಿಯಲ್ಲಿ. ಬಹುದೂರ ಸಲೀಸು. ಓಲ್ಡ್ ಫೋರ್ಟ್ ದಾಟಿದ ಮೇಲೆ 6 ಶೇಕಡಾ ಚಡವು ಕೆಲವು ಮೈಲು ಬಿಡದೆ ಏರುತ್ತದೆ. ಬ್ರೇಕ್ ಹೋದ ಲಾರಿ ನುಗ್ಗಿ ನಿಲ್ಲಲಿಕ್ಕೆಂದೇ ಇಳಿಜಾರಿನ ಬದಿಯಲ್ಲಿ ಮಾರ್ಗ ಮಾಡಿಟ್ಟ ಜಾಗ ಅದು. "ಸಂಪಾಜೆ ಘಾಟಿಯನ್ನು ನೆನೆಸಿಕೋ, ಅದನ್ನು ಹೆದ್ದಾರಿ ವೇಗದಲ್ಲಿ, ಹಿಂದೆ ಒಂದು ಕೋಣೆ ಕಟ್ಟಿಕೊಂಡು, ಜುಲೈ ಬಿಸಿಲಿಗೆ ಹತ್ತುವುದು" ಎಂದೆ. ಕಂಪೆನಿಗಳು ಈ ಮಿತಿಗಳನ್ನು ಸುಮ್ಮನೆ ಬರೆಯುವುದಲ್ಲ. ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ 2807 ಎಂಬ ಪರೀಕ್ಷಾ ಕ್ರಮ ಉಂಟು. ಅದರಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಚಡವನ್ನು ಸುಡುಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿ, ಪೂರ್ತಿ ಭಾರ ಎಳೆದು, ಗೊತ್ತಾದ ವೇಗಕ್ಕಿಂತ ಕೆಳಗೆ ಬೀಳದೆ ಹತ್ತಬೇಕು. ಅಂಥ ಚಡವಿನಲ್ಲೇ ಕೂಲರ್ ಇರುವ ಗಾಡಿಗೂ ಇಲ್ಲದ ಗಾಡಿಗೂ ಇರುವ ವ್ಯತ್ಯಾಸ ತಿಳಿಯುವುದು.

ಇಳಿಯುವಾಗ ಪ್ರಶ್ನೆ ಬ್ರೇಕಿನದು. ಒಮಾನಿನ ಜಬಲ್ ಅಖ್ದರ್ ಬೆಟ್ಟದ ಬುಡದಲ್ಲಿ, ಬಿರ್ಕತ್ ಅಲ್ ಮೌಜ್ ಎಂಬಲ್ಲಿ, ಪೊಲೀಸ್ ಗೇಟ್ ಉಂಟು. ಫೋರ್‌ವೀಲ್ ಡ್ರೈವ್ ಅಲ್ಲದ ಗಾಡಿಯನ್ನು ಮೇಲೆ ಬಿಡುವುದಿಲ್ಲ. ಆ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಬಿಟ್ಟ ಗಾಡಿಗಳನ್ನು ನಾನೇ ಎಷ್ಟೋ ರಿಪೇರಿ ಮಾಡಿದ್ದೇನೆ. ಅದೂ ಬರೀ ಗಾಡಿ, ಹಿಂದೆ ಟ್ರೇಲರ್ ಇಲ್ಲದ್ದು. ಹಿಂದಿನಿಂದ ಒಂದು ಟನ್ ನೂಕುತ್ತಿದ್ದರೆ ಟ್ರೇಲರಿಗೆ ಅದರದ್ದೇ ಬ್ರೇಕ್ ಬೇಕು. 4 ಪಿನ್ನಿನ ವಯರಿಂಗ್ ಲೈಟುಗಳಿಗೆ ಮಾತ್ರ ಸಾಕು: ಹಿಂದಿನ ದೀಪ, ಎಡ ಬಲ ಸಿಗ್ನಲ್ ಮತ್ತು ಬ್ರೇಕ್ ಲೈಟ್, ಅರ್ತ್. ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕ್ ನಡೆಯಬೇಕಾದರೆ 7 ಪಿನ್ ಬೇಕು, ಡ್ರೈವರಿನ ಕೈಗೆ ಸಿಗುವಂತೆ ಬ್ರೇಕ್ ಕಂಟ್ರೋಲರ್ ಬೇಕು. ಕಂಟ್ರೋಲರ್ ಪ್ಯಾಕೇಜಿನ ಒಳಗೇ ಬರುತ್ತದೋ ಬೇರೆ ಕೊಳ್ಳಬೇಕೋ ಎಂಬುದು ವರ್ಷ, ಮಾದರಿ ನೋಡಿ ಬದಲಾಗುತ್ತದೆ. ಬಾಯಿಮಾತು ಸಾಲದು, ಬರೆದು ಕೊಡಲು ಕೇಳಿ. ಎಷ್ಟು ತೂಕದ ಮೇಲೆ ಟ್ರೇಲರಿಗೆ ಬ್ರೇಕ್ ಕಡ್ಡಾಯ ಎಂಬ ಕಾನೂನು ಅಮೆರಿಕದ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಹಲವು ಕಡೆ 3,000 ಪೌಂಡ್, ಕೆಲವು ಕಡೆ ಅದಕ್ಕೂ ಕಡಿಮೆ. ಕಾನೂನು ಏನೇ ಇರಲಿ, 700 ಕೆಜಿ ದಾಟಿದರೆ ಬ್ರೇಕ್ ಇಲ್ಲದ ಟ್ರೇಲರನ್ನು ನನ್ನ ಮಕ್ಕಳು ಎಳೆಯುವುದು ನನಗೆ ಬೇಡ.

ಮೂಕಿಯ ಭಾರ, ಅಂದರೆ ಟ್ರೇಲರಿನ ಮೂತಿ ಹಿಚ್ಚಿನ ಮೇಲೆ ಒತ್ತುವ ತೂಕ, ಇನ್ನೊಂದು ಸಂಗತಿ. ಎತ್ತಿನ ಗಾಡಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರವನ್ನೆಲ್ಲ ಹಿಂದೆ ಹೇರಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಪೂರ್ತಿ ಮುಂದೆ ಹೇರಿದರೆ ಎತ್ತು ಕುಸಿಯುತ್ತದೆ. ಟ್ರೇಲರೂ ಹಾಗೆಯೇ. ಅದರ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಹಿಚ್ಚಿನ ಮೇಲೆ ಕೂರಬೇಕು. 934 ಕೆಜಿಯ ಕ್ಯಾಂಪರಿಗೆ 93ರಿಂದ 140. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನ ಬಾಲದಂತೆ ಆಡಲು ಶುರು ಮಾಡುತ್ತದೆ, ಆಮೇಲೆ ಗಾಡಿಯನ್ನೇ ತಿರುಗಿಸಿ ಹಾಕುತ್ತದೆ. ಅಳೆಯುವುದು ಸುಲಭ. ನಮ್ಮಲ್ಲಿ ಅಡಿಕೆ ಚೀಲ ತೂಗುವ ತಕ್ಕಡಿ ಇದ್ದರೆ ಅದರ ಮೇಲೆಯೇ ಟ್ರೇಲರಿನ ಮೂತಿ ಇಡಬಹುದು. ಅಲ್ಲಿ ಮನೆಯಲ್ಲಿ ಮೈ ತೂಕ ನೋಡುವ ಸಣ್ಣ ತಕ್ಕಡಿ ಮಾತ್ರ, ಅದು ಅಷ್ಟು ಭಾರ ತಾಳದೆ ಇರಬಹುದು. ಹಾಗಾಗಿ ಒಂದು ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ತಕ್ಕಡಿಯ ಮೇಲೆ, ಎರಡೂ ಒಂದೇ ಎತ್ತರಕ್ಕೆ. ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಟ್ರೇಲರಿನ ಮೂತಿ ಇಳಿಸಿ, ಅಲ್ಲಿಂದ ತಕ್ಕಡಿ 2 ಅಡಿ ದೂರ ಇರಲಿ. ತಕ್ಕಡಿ ತೋರಿಸಿದ್ದನ್ನು 3ರಿಂದ ಗುಣಿಸಿ. ಬರೀ ಹಲಗೆಗೆ ತಕ್ಕಡಿ ಎಷ್ಟು ತೋರಿಸುತ್ತದೆ ಎಂದು ಮೊದಲೇ ನೋಡಿ, ಗುಣಿಸುವ ಮುಂಚೆ ಅದನ್ನು ಕಳೆದುಬಿಡಿ. ಚಕ್ರಕ್ಕೆ ಕಲ್ಲು ಕೊಡದೆ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ.

ಈ ಮೂಕಿಯ ಭಾರ ಗಾಡಿಯ ಹೊರುವ ಲೆಕ್ಕಕ್ಕೂ ಸೇರುತ್ತದೆ, ಇದನ್ನು ಹಲವರು ಮರೆಯುತ್ತಾರೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಸ್ಟಿಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟರ ಮೇಲೆ ಹೋಗಬಾರದು ಎಂದು. ಮಾವೆರಿಕ್‌ಗೆ ಹೆಚ್ಚೆಂದರೆ 1,500 ಪೌಂಡ್, ಅಂದರೆ 680 ಕೆಜಿ. ಆಯ್ಕೆಗಳು ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅಳಿಯನ ಮನೆಯ ನಾಲ್ಕು ಜನ 200, ಹಿಂದಿನ ಡಬ್ಬದಲ್ಲಿ ಸೈಕಲ್ಲು ಸಾಮಾನು 120, ಮೂಕಿ 130. ಒಟ್ಟು 450. ಇದು ಸರಿಹೋಯಿತು. ಜನ ಸಾಮಾನು ತುಂಬಿದಷ್ಟೂ ಎಳೆಯುವ ಮಿತಿಯೂ ತಗ್ಗುತ್ತದೆ ಎಂಬುದು ನೆನಪಿರಲಿ.

ಹಾಗಾದರೆ ಯಾರಿಗೆ ಬೇಡ? ವರ್ಷಕ್ಕೆ ಎರಡು ಸಲ ಬಾಡಿಗೆಯ ಸಣ್ಣ ಟ್ರೇಲರಿನಲ್ಲಿ ಮಂಚ ಕುರ್ಚಿ ಸಾಗಿಸುವವರಿಗೆ, ಒಂದು ಮೋಟಾರ್‌ಸೈಕಲ್ ಎಳೆಯುವವರಿಗೆ, ಹುಲ್ಲು ಕತ್ತರಿಸುವ ಯಂತ್ರ ಹೇರುವವರಿಗೆ ಬೇಡ. ಅವರಿಗೆ ಹೊರಗಿನ ಹಿಚ್ಚು, 4 ಪಿನ್ ಸಾಕು. ದಿನಾ ಊರೊಳಗೆ ಓಡಾಡುವವರಿಗೆ ಹೈಬ್ರಿಡ್ ಎಂಜಿನ್ ಪೆಟ್ರೋಲ್ ಬಹಳ ಉಳಿಸುತ್ತದೆ. ಮೊದಲ ವರ್ಷಗಳ ಹೈಬ್ರಿಡ್ ಮಾವೆರಿಕ್‌ಗೆ ಈ ಪ್ಯಾಕೇಜ್ ಸಿಗುತ್ತಲೇ ಇರಲಿಲ್ಲ. ಹಾಗಾಗಿ ಎಷ್ಟೋ ಜನ ಒಂದನ್ನು ಬಿಟ್ಟೇ ಇನ್ನೊಂದನ್ನು ಆರಿಸಬೇಕಿತ್ತು. 2025ರ ಮಾದರಿಯಿಂದ ನಾಲ್ಕು ಚಕ್ರದ ಡ್ರೈವ್ ಇರುವ ಹೈಬ್ರಿಡ್‌ಗೂ ಪ್ಯಾಕೇಜ್ ಬಂದಿದೆ. ಹ್ಯುಂಡೈ ಸಾಂಟಾ ಕ್ರೂಜ್ ನೋಡುವವರಿಗೆ ಮಿತಿ ಎಂಜಿನ್ ಮೇಲೆ ಹೋಗುತ್ತದೆ: ಟರ್ಬೊ ಇಲ್ಲದ್ದು 3,500 ಪೌಂಡ್, ಟರ್ಬೊ ಇದ್ದದ್ದು 5,000. ಅಲ್ಲಿಯೂ ಬ್ರೇಕಿನ ಪ್ರಶ್ನೆ, ಮೂಕಿಯ ಪ್ರಶ್ನೆ ಹಾಗೆಯೇ ಇರುತ್ತದೆ.

ಏನು ಎಳೆಯುತ್ತೇವೆ ಎಂದು ಇನ್ನೂ ತೀರ್ಮಾನ ಆಗದವರು, ಆದರೆ ಆಸೆ ಗಟ್ಟಿ ಇರುವವರು, ಹಾಕಿಸಿಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. 2022ರಲ್ಲಿ ಅದರ ಬೆಲೆ 745 ಡಾಲರ್ ಇತ್ತು. ಗಾಡಿಯ ಸಾಲದಲ್ಲಿ ಅದು ಗೊತ್ತಾಗುವುದಿಲ್ಲ. ಗೇರ್‌ಬಾಕ್ಸಿನ ಬಿಲ್ ಗೊತ್ತಾಗುತ್ತದೆ.

ಹಳೆ ಗಾಡಿ ಕೊಳ್ಳುವವರು ಹಿಂದೆ ಹಿಚ್ ಕಂಡ ಕೂಡಲೇ ಪ್ಯಾಕೇಜ್ ಉಂಟು ಎಂದು ನಂಬಬೇಡಿ. 7 ಪಿನ್ನಿನ ಸಾಕೆಟ್ ಇದೆಯಾ ನೋಡಿ. ಟಾರ್ಚ್ ಹಿಡಿದು ಮುಂದಿನ ಜಾಲರಿಯೊಳಗೆ ಗೇರ್‌ಬಾಕ್ಸ್ ಕೂಲರ್ ಹುಡುಕಿ. ಗಾಡಿಯ ಚೇಸಿಸ್ ನಂಬರ್ ಕೊಟ್ಟು ಕಾರ್ಖಾನೆಯಿಂದ ಬಂದಾಗ ಏನೇನಿತ್ತು ಎಂಬ ಪಟ್ಟಿಯನ್ನು ಡೀಲರಿನ ಹತ್ತಿರ ಕೇಳಿ ತೆಗೆಸಿ. ಇನ್ನು ನಮ್ಮೂರಿನಲ್ಲಿ ಹೈಲಕ್ಸ್, ವಿ-ಕ್ರಾಸ್‌ನಂಥ ಪಿಕಪ್ ತೆಗೆದುಕೊಂಡು ಕೊಕ್ಕೆ ವೆಲ್ಡ್ ಮಾಡಿಸಲು ನನ್ನಲ್ಲಿಗೆ ಬರುವವರಿಗೂ ಒಂದು ಮಾತು: 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ ಬನ್ನಿ, ಆಮೇಲೆ ನಾನು ವೆಲ್ಡಿಂಗ್ ರಾಡ್ ಹಿಡಿಯುತ್ತೇನೆ.

ಅಳಿಯ ಪ್ಯಾಕೇಜ್ ಸಹಿತ ಆರ್ಡರ್ ಕೊಟ್ಟ. ಗಾಡಿ ಬಂದ ಮೇಲೆ ಪುನಃ ಫೋನ್. ಮೊದಲ 1,000 ಮೈಲು ಏನನ್ನೂ ಎಳೆಯಬೇಡ, ಎಂಜಿನ್ನು ಗೇರು ಹದಕ್ಕೆ ಬರಲಿ ಎಂದೆ, ಕಂಪೆನಿಯ ಪುಸ್ತಕವೂ ಅದನ್ನೇ ಹೇಳುತ್ತದೆ. ಚೆಂಡಿನ ಅಳತೆ ಟ್ರೇಲರಿನ ಮೂತಿಯ ಮೇಲೆ ಕೊರೆದಿರುತ್ತದೆ, ಅದನ್ನೇ ಕೊಳ್ಳು. 2 ಇಂಚಿನ ಮೂತಿಗೆ ಸ್ವಲ್ಪ ಸಣ್ಣ ಚೆಂಡು ಹಾಕಿದರೆ ಕೂತ ಹಾಗೆ ಕಾಣುತ್ತದೆ, ಮೊದಲ ಹೊಂಡದಲ್ಲಿ ಹಾರುತ್ತದೆ. ಸರಪಳಿ ಎರಡನ್ನೂ ಮೂಕಿಯ ಅಡಿಯಲ್ಲಿ ಕತ್ತರಿ ಹಾಕಿ ಸಿಕ್ಕಿಸು. ಚಡವಿಗೆ ಮುಂಚೆಯೇ ಟೋ ಮೋಡ್, ಅಂದರೆ ಗಾಡಿಯಲ್ಲಿ ಭಾರ ಎಳೆಯಲಿಕ್ಕೆಂದೇ ಇರುವ ಕ್ರಮ, ಹಾಕು, ಇಳಿಯುವಾಗ ಕೆಳಗಿನ ಗೇರಿನಲ್ಲಿ ಬಿಡು. ಹೊರಟು ಒಂದರ್ಧ ಗಂಟೆಯಾದ ಮೇಲೆ ಎಲ್ಲಾದರೂ ಬದಿಗೆ ನಿಲ್ಲಿಸಿ ಟ್ರೇಲರಿನ ಎರಡು ಚಕ್ರಗಳಲ್ಲಿ ಒಂದೊಂದರ ನಟ್ಟನಡುವಿನ ಹಬ್, ಅಂದರೆ ಬೇರಿಂಗ್ ಕೂರುವ ಭಾಗದ ಹತ್ತಿರ ಅಂಗೈಯ ಹಿಂಬದಿ ಒಯ್ದು ನೋಡು. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲಿಂದ ಮುಂದೆ ಹೋಗಬೇಡ, ನನಗೆ ಫೋನ್ ಮಾಡು, ಇಲ್ಲಿ ಎಷ್ಟು ರಾತ್ರಿಯಾಗಿದ್ದರೂ ಸರಿ. ಎರಡೂ ಸಮ ಇದ್ದರೆ ಚಕ್ರದ ನಟ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಿ ಹೊರಡು.